ನಾಳೆ ಬಾ ಎನ್ನುವ ಫೋನು

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ರಾತ್ರಿ ಹೊತ್ತು ಗುರುತಿನವರ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವಕ್ಕೆ ಬರೆದ ನೋಟೀಸು ಅದು. ಪಾಪ, ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಮರ್ಯಾದೆಯೂ ಇತ್ತು. ಓದಿ ವಾಪಸ್ ಹೋಗುತ್ತಿತ್ತು. ಮರುದಿನ ಬಂದು ಮತ್ತೆ ಓದಿ, ಮತ್ತೆ ಹೋಗುತ್ತಿತ್ತು. ಆ ದೆವ್ವದ ಕಷ್ಟ ನನಗೆ ಅರ್ಥವಾಗಿದ್ದು ಹೋದ ಸುಗ್ಗಿಯಲ್ಲಿ, ದೊಡ್ಡಪ್ಪನ ಫೋನಿಗೆ ನಾನೇ ಮಾಡಿದ ಒಂದು ಆಪ್ ಹಾಕಲು ಹೋದಾಗ.

ಆಪ್ ದೊಡ್ಡದೇನಲ್ಲ. ಸಾಗರದ ಹತ್ತಿರ ದೊಡ್ಡಪ್ಪನದು ಅಡಿಕೆ ತೋಟ. ಕೊನೆಕೊಯ್ಲು ಶುರುವಾದರೆ ಚಪ್ಪರದಡಿ ಸುಲಿಯುವವರ ಸಾಲು. ಮೆಟ್ಟುಕತ್ತಿಯ ಮುಂದೆ ಕೂತವರು ಯಾರು ಎಷ್ಟು ಡಬ್ಬ ಸುಲಿದರು, ಯಾರಿಗೆ ಎಷ್ಟು ಕೊಡಬೇಕು, ಇಷ್ಟೇ ಲೆಕ್ಕ. ಆಪ್ ಒಳಗೆ ಇರುವುದೂ ಮೂರೇ: ಹೆಸರು, ಡಬ್ಬ, ದುಡ್ಡು. ಹಿಂದಿನ ವರ್ಷ ಹಾಕಿಕೊಟ್ಟಿದ್ದಕ್ಕೆ ಅರ್ಧ ಡಬ್ಬ ಎಣಿಸಲು ಬರುತ್ತಿರಲಿಲ್ಲ. ಅದಕ್ಕಾಗಿ ಸುಲಿಯುವವರಿಂದ ಕೇಳಿಸಿಕೊಂಡಷ್ಟು ಮಾತನ್ನು ನಾನು ಆಫೀಸಿನ ಯಾವ ಮೀಟಿಂಗಿನಲ್ಲೂ ಕೇಳಿಸಿಕೊಂಡಿಲ್ಲ. ಹಾಗಾಗಿ ಹೊಸದು ಮಾಡಿ ಬೆಂಗಳೂರಿನಿಂದ ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

“ಆಗ್ತಾ ಇಲ್ಲ ಮಾಣಿ.”

“ಏನಂತ ತೋರಿಸ್ತಿದೆ?”

“ಆಪ್ ನಾಟ್ ಇನ್‌ಸ್ಟಾಲ್ಡ್.”

“ಯಾಕಂತೆ?”

“ಅದನ್ನೇ ನಾನೂ ಕೇಳ್ತಿದೀನಿ. ಕೆಳಗೆ ‘ಡನ್’ ಅಂತ ಒಂದೇ ಬಟನ್ ಇದೆ.”

ನೋಡಿ, ಸೊಗಸು ಇರೋದೇ ಇಲ್ಲಿ. ಮೇಲೆ ‘ಆಗಲಿಲ್ಲ’ ಅಂತ ಬರೆದು ಕೆಳಗೆ ‘ಆಯ್ತು’ ಅಂತ ಬಟನ್ ಇಟ್ಟಿದ್ದಾರೆ. ನಮ್ಮ ತಾಲ್ಲೂಕು ಕಚೇರಿಗಳನ್ನು ಎಷ್ಟು ಬೈದರೂ, ಅರ್ಜಿ ತಳ್ಳಿಹಾಕುವಾಗ ಅವರು ಒಂದು ಹಿಂಬರಹ ಕೊಡುತ್ತಾರೆ. ದಾಖಲೆ ಸಾಲದು ಅಂತಲೋ, ಗಡಿ ತಕರಾರಿದೆ ಅಂತಲೋ ಒಂದು ಸಾಲು ಇರುತ್ತದೆ. ಅದನ್ನು ಹಿಡಿದುಕೊಂಡು ಮುಂದಿನ ಟೇಬಲ್ಲಿಗೆ ಹೋಗಿ ಜಗಳ ಆಡಬಹುದು. ಈ ಫೋನಿನ ಹತ್ತಿರ ಜಗಳಕ್ಕೂ ದಾರಿ ಇಲ್ಲ.

ಹಾಗಂತ ಫೋನಿಗೆ ಕಾರಣ ಗೊತ್ತಿಲ್ಲ ಅಂತಲ್ಲ. ಚೆನ್ನಾಗೇ ಗೊತ್ತು. ಆಂಡ್ರಾಯ್ಡ್ ಹೊಟ್ಟೆಯೊಳಗೆ ಒಂದೊಂದು ಸೋಲಿಗೂ ಒಂದೊಂದು ನಂಬರ್ ಇದೆ. ಜಾಗ ಸಾಲದಿದ್ದರೆ ಮೈನಸ್ 4. ಫೋನಿನ ಆಂಡ್ರಾಯ್ಡ್ ತೀರಾ ಹಳೆಯದಾದರೆ ಮೈನಸ್ 12. ಪರೀಕ್ಷೆಗೆ ಮಾತ್ರ ಎಂದು ಮುದ್ರೆ ಬಿದ್ದಿದ್ದರೆ ಮೈನಸ್ 15. ಹೊಸದರ ಮೇಲೆ ಹಳೆಯದನ್ನು ಹಾಕಹೊರಟರೆ ಮೈನಸ್ 25. ಪಟ್ಟಿ ನೂರನ್ನೂ ದಾಟಿ ಹೋಗುತ್ತದೆ. ಗೆದ್ದರೆ ಮಾತ್ರ 1. ಗೆಲುವಿಗೆ ಒಂದೇ ನಾಮ, ಸೋಲಿಗೆ ಅಷ್ಟೋತ್ತರ. ಆದರೆ ಈ ಅಷ್ಟೋತ್ತರವನ್ನು ಫೋನು ತನ್ನ ಯಜಮಾನನಿಗೆ ಹೇಳುವುದಿಲ್ಲ. ಕೇಬಲ್ ಚುಚ್ಚಿದ ಕಂಪ್ಯೂಟರಿನ ಕಿವಿಯಲ್ಲಿ ಮಾತ್ರ ಉಸುರುತ್ತದೆ. ದುಡ್ಡು ಕೊಟ್ಟು ಕೊಂಡವನಿಗೆ ‘ಆಗಲಿಲ್ಲ’, ವಯರ್ ಹಿಡಿದು ಬಂದವನಿಗೆ ಪೂರ್ತಿ ಕಥೆ.

ನಮ್ಮದು ಮೈನಸ್ 15 ಇರಬೇಕು ಅಂದುಕೊಂಡೆ. ಆಪ್ ಬರೆಯಲು ಬಳಸುವ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಹಸಿರು ರನ್ ಬಟನ್ ಒತ್ತಿದಾಗ ಹುಟ್ಟುವ ಕಡತಕ್ಕೆ ಆ ಪರೀಕ್ಷೆಯ ಮುದ್ರೆ ಬಿದ್ದಿರುತ್ತದೆ. ಅದು ವಾಟ್ಸಾಪಿನಲ್ಲಿ ಊರು ಸುತ್ತಲು ಲಾಯಕ್ಕಲ್ಲ. ಸರಿಯಾಗಿ ಬಿಲ್ಡ್ ಮಾಡಿ ಮತ್ತೆ ಕಳಿಸಿದೆ. ಮತ್ತೆ ‘ಆಪ್ ನಾಟ್ ಇನ್‌ಸ್ಟಾಲ್ಡ್’. ಮತ್ತೆ ‘ಡನ್’. ಈಗ ಕಾರಣ ಏನು ಅಂತ ತಿಳಿಯಬೇಕಾದರೆ ಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಮೀಟರಿನ ಕೇಬಲ್ ಬೇಕು. ಫೋನು ಸಾಗರದಲ್ಲಿ, ಲ್ಯಾಪ್‌ಟಾಪು ಬೆಂಗಳೂರಿನಲ್ಲಿ. ರಾತ್ರಿ ಬಸ್ಸು ಹತ್ತಿದೆ. ಒಂದು ತಪ್ಪು ಸಂದೇಶ ಓದಲು 350 ಕಿಲೋಮೀಟರಿಗೂ ಜಾಸ್ತಿ ಪ್ರಯಾಣ. ಇದಕ್ಕೆ ನಮ್ಮ ಕಂಪನಿಗಳಲ್ಲಿ ‘ರಿಮೋಟ್ ಸಪೋರ್ಟ್’ ಅನ್ನುತ್ತಾರೆ.

ಬೆಳಿಗ್ಗೆ ದೋಸೆ ತಿಂದು ಕೆಲಸಕ್ಕೆ ಕೂತೆ. ಮೊದಲು ಫೋನಿನ ಎದುರು ನಾನು ಡೆವಲಪರ್ ಅಂತ ಸಾಬೀತು ಮಾಡಬೇಕು. ಸೆಟ್ಟಿಂಗ್ಸಿನ ತಳದಲ್ಲೆಲ್ಲೋ ಬಿಲ್ಡ್ ನಂಬರ್ ಅಂತ ಇರುತ್ತದೆ. ಅದನ್ನು 7 ಸಲ ಒತ್ತಬೇಕು. ಆರು ಸಲಕ್ಕೆ ಆಗಲ್ಲ, ಏಳೇ ಆಗಬೇಕು. ಸಪ್ತಪದಿ ಇದ್ದ ಹಾಗೆ. ಏಳನೆಯದಕ್ಕೆ ‘ನೀವೀಗ ಡೆವಲಪರ್’ ಅಂತ ಆಶೀರ್ವಾದ ಬರುತ್ತದೆ. ದೊಡ್ಡಪ್ಪ ತಾವೇ ಒತ್ತಿದರು. “ಇಷ್ಟಕ್ಕೆ ನಿನ್ನನ್ನ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿಸಿದ್ವಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದೆ ಕೇಬಲ್. ಮನೆಯಲ್ಲಿ ಐದು ಕೇಬಲ್ ಇದ್ದವು, ಐದೂ ಜಾತ್ರೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಕೊಂಡದ್ದು. ಚಾರ್ಜ್ ಮಾತ್ರ ಮಾಡುವ ಕೇಬಲ್ಲಿನ ಒಳಗೆ ಕರೆಂಟಿನ ಎರಡು ತಂತಿ ಇರುತ್ತವೆ, ಮಾಹಿತಿ ಹೋಗುವ ಎರಡು ತಂತಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಒಂದೇ ತರಹ. ಒಂದೊಂದನ್ನೇ ಚುಚ್ಚಿ ನೋಡುತ್ತಾ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಸಿಕ್ಕಿದ್ದು ದೊಡ್ಡಮ್ಮನ ಹೊಲಿಗೆ ಡಬ್ಬಿಯಲ್ಲಿ, ಎಲಾಸ್ಟಿಕ್ ಉಂಡೆಯ ನಡುವೆ.

ಕೇಬಲ್ ಸಿಕ್ಕ ಮೇಲೆ ಫೋನು ಕೇಳಿತು: ಈ ಕಂಪ್ಯೂಟರನ್ನು ನಂಬುತ್ತೀರಾ? ಜೊತೆಗೆ ಅದರ ಬೆರಳಚ್ಚು ಅಂತ 32 ಅಕ್ಷರದ ಒಂದು ಸರಮಾಲೆ. ಎಫ್2, 9ಸಿ, 0ಬಿ ಅಂತ ಸಾಗುತ್ತದೆ. ಇದನ್ನು ಇಬ್ಬದಿಯಲ್ಲೂ ಇಟ್ಟುಕೊಂಡು ತಾಳೆ ನೋಡಿದ ಮನುಷ್ಯನನ್ನು ನಾನಂತೂ ಕಂಡಿಲ್ಲ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನೋಡತೊಡಗಿದರು. ಅರ್ಧಕ್ಕೆ ಬರುವ ಹೊತ್ತಿಗೆ ಸ್ಕ್ರೀನ್ ಆಫ್ ಆಯಿತು.

ಇಷ್ಟು ಹೊತ್ತು ನಡೆದದ್ದು ಬರೀ ನಾಂದಿ. ಈ ಫೋನಿನ ಕಂಪನಿ, ಹೆಸರು ಬೇಡ ಬಿಡಿ, ಆಂಡ್ರಾಯ್ಡ್ ಬಾಗಿಲ ಮುಂದೆ ತನ್ನದೂ ಒಂದು ಬಾಗಿಲು ಇಟ್ಟಿದೆ. ಕೇಬಲ್ ಮೂಲಕ ಆಪ್ ಹಾಕಬೇಕಾದರೆ ಇನ್ನೊಂದು ಗುಂಡಿ ಆನ್ ಮಾಡಬೇಕು. ಅದು ಆನ್ ಆಗಬೇಕಾದರೆ ಕಂಪನಿಯಲ್ಲಿ ಖಾತೆ ತೆರೆಯಬೇಕು. ಫೋನಿನಲ್ಲಿ ಸಿಮ್ ಇರಬೇಕು. ಇದ್ದರೆ ಸಾಲದು, ಆ ಸಿಮ್ಮಿನ ಇಂಟರ್ನೆಟ್ಟೇ ನಡೆಯುತ್ತಿರಬೇಕು. ವೈಫೈ ನಡೆಯುವುದಿಲ್ಲ. ಮಡಿ! ಲ್ಯಾಪ್‌ಟಾಪಿನಿಂದ ಫೋನಿಗೆ ಒಂದು ಮೀಟರ್ ದೂರ ಕಡತ ದಾಟಿಸಲು ಆಕಾಶದ ಉಪಗ್ರಹವನ್ನು ಕೇಳದಿದ್ದದ್ದೇ ಪುಣ್ಯ.

ದೊಡ್ಡಪ್ಪನ ಮನೆಯಲ್ಲಿ ಸಿಮ್ಮಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಕೊಟ್ಟಿಗೆಯ ಹಿಂದಿನ ಹುಲ್ಲಿನ ಬಣವೆ ಪಕ್ಕ. ಅದೂ ಕೈ ಎತ್ತಿದರೆ. ಸರಿ, ಅಲ್ಲಿಗೆ ಹೋದೆವು. ದೊಡ್ಡಪ್ಪ ಫೋನನ್ನು ತಲೆಯ ಮೇಲೆ ಹಿಡಿದು ಬ್ಯಾಂಕಿನ ದರೋಡೆಯಲ್ಲಿ ಸಿಕ್ಕಿಬಿದ್ದವರ ಹಾಗೆ ನಿಂತರು. ಕೇಬಲ್ಲಿನ ಇನ್ನೊಂದು ತುದಿಯಲ್ಲಿ ನಾನು, ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು. ಗಂಗೆ ಅನ್ನೋ ಹಸು ಹುಲ್ಲು ಬಿಟ್ಟು ನಮ್ಮನ್ನೇ ನೋಡುತ್ತಿತ್ತು. ರನ್ ಒತ್ತಿದೆ.

“ಏನೋ ಬಂತು ಮಾಣಿ!”

“ಏನದು? ಓಕೆ ಒತ್ತಿ!”

“ತಡಿ, ಓದ್ತೀನಿ. ಇನ್... ಸ್ಟಾಲ್... ವಯಾ...”

ಆ ಪೆಟ್ಟಿಗೆ ಸ್ಕ್ರೀನಿನ ಮೇಲೆ ಇರುವುದು ಹತ್ತೇ ಸೆಕೆಂಡು. ಅಷ್ಟರೊಳಗೆ ಒತ್ತದಿದ್ದರೆ ತಾನೇ ಬೇಡ ಅಂದುಕೊಂಡು ಮುಚ್ಚಿಕೊಳ್ಳುತ್ತದೆ. ಒಪ್ಪಂದವನ್ನು ಓದದೆ ಸಹಿ ಹಾಕಬೇಡಿ ಅಂತ ಲೋಕವೆಲ್ಲ ಹೇಳುತ್ತದೆ. ಇದು ಮಾತ್ರ ಓದಿದವನಿಗೆ ಶಿಕ್ಷೆ ಕೊಡುವ ಒಪ್ಪಂದ. ದೊಡ್ಡಪ್ಪ ‘ಯುಎಸ್‌ಬಿ’ಗೆ ಬರುವ ಹೊತ್ತಿಗೆ ಪೆಟ್ಟಿಗೆ ಮಾಯ. ನನ್ನ ಸ್ಕ್ರೀನಿನ ಮೇಲೆ ಕೆಂಪು ಅಕ್ಷರ: ‘ಇನ್‌ಸ್ಟಾಲ್ ಫೇಲ್ಡ್ ಯೂಸರ್ ರಿಸ್ಟ್ರಿಕ್ಟೆಡ್: ಇನ್‌ಸ್ಟಾಲ್ ಕ್ಯಾನ್ಸಲ್ಡ್ ಬೈ ಯೂಸರ್’. ಅಂದರೆ, ಬಳಕೆದಾರರೇ ಬೇಡ ಅಂದಿದ್ದಾರೆ, ನಮ್ಮದೇನೂ ತಪ್ಪಿಲ್ಲ.

ಕೈ ಮೇಲೆತ್ತಿ ನಿಂತ ಬಳಕೆದಾರರಿಗೆ ಇದನ್ನು ಕನ್ನಡ ಮಾಡಿ ಹೇಳಿದೆ. ಅವರು ಉತ್ತರಿಸಿದ್ದು ಅಚ್ಚ ಹವಿಗನ್ನಡದಲ್ಲಿ, ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಅಂದಹಾಗೆ ಈ ಸೋಲಿನ ನಂಬರ್ ಮೈನಸ್ 111. ಬರೆದು ನೋಡಿ, ಮೂರು ಗೀಟು ಪಕ್ಕಪಕ್ಕ. ಮೂರು ನಾಮ! ಆಂಡ್ರಾಯ್ಡ್ ಬರೆದವರಲ್ಲಿ ಯಾರಿಗೋ ಕನ್ನಡ ಬರುತ್ತಿರಬೇಕು ಅನ್ನುವ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.

ಎರಡನೇ ಸಲ ದೊಡ್ಡಪ್ಪ ಓದಲಿಲ್ಲ, ಕಣ್ಣು ಮುಚ್ಚಿ ಒತ್ತಿದರು. ಒಂದು ಬಾಗಿಲು ದಾಟಿದೆವು. ಆಗ ಸಿಕ್ಕಿತು ಅಸಲು ಕಾರಣ: ಮೈನಸ್ 7, ಸಹಿ ಹೊಂದುತ್ತಿಲ್ಲ.

ಆಂಡ್ರಾಯ್ಡಿನಲ್ಲಿ ಪ್ರತಿ ಆಪಿಗೂ ಮಾಡಿದವನ ಸಹಿ ಬೇಕು. ಹಳೆಯದರ ಮೇಲೆ ಹೊಸದು ಕೂರಬೇಕಾದರೆ ಎರಡರ ಸಹಿಯೂ ಒಂದೇ ಇರಬೇಕು. ಅಭ್ಯಾಸದ ಕೆಲಸಕ್ಕೆ ಅಂತ ಪ್ರತಿ ಕಂಪ್ಯೂಟರೂ ಸಹಿ ಹಾಕಲು ತಾನೇ ಒಂದು ಡೀಬಗ್ ಕೀಲಿ ಮಾಡಿಕೊಳ್ಳುತ್ತದೆ. ಅದರ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು: ‘ಆಂಡ್ರಾಯ್ಡ್’. ಸರ್ಟಿಫಿಕೇಟಿನ ಆಯುಷ್ಯ 30 ವರ್ಷ. ನಾನು ಹಿಂದಿನ ವರ್ಷ ಆಪ್ ಮಾಡಿದ್ದು ಹಳೇ ಲ್ಯಾಪ್‌ಟಾಪಿನಲ್ಲಿ. ಅದು ಸತ್ತು ಒಂಬತ್ತು ತಿಂಗಳಾಯಿತು. ಅದರ ಜೊತೆ ನನ್ನ ಸಹಿಯೂ ಸತ್ತಿತು, ಇನ್ನೂ 28 ವರ್ಷದ ಆಯುಷ್ಯ ಬಾಕಿ ಇಟ್ಟುಕೊಂಡು. ಹೊಸ ಲ್ಯಾಪ್‌ಟಾಪಿನಲ್ಲಿ ನಾನು ಹಾಕಿದ ಸಹಿ ನನ್ನದೇ ಆದರೂ ನನ್ನದಲ್ಲ.

ಇದು ದೊಡ್ಡಪ್ಪನಿಗೆ ತಕ್ಷಣ ಅರ್ಥವಾಯಿತು. ಸೊಸೈಟಿಯಲ್ಲಿ ಅವರ ಚೆಕ್ ಎರಡು ಸಲ ವಾಪಸ್ ಬಂದಿದೆ, 1984ರಲ್ಲಿ ಹಾಕಿದ ಸಹಿಗೂ ಈಗಿನದಕ್ಕೂ ಹೊಂದುವುದಿಲ್ಲ ಅಂತ. “ಎದುರಿಗೇ ನಿಂತಿದ್ದೆ. ನಲವತ್ತು ವರ್ಷದಿಂದ ನೋಡಿದ ಗುಮಾಸ್ತ. ಸಹಿ ನಿಮ್ಮದಲ್ಲ ಭಟ್ರೇ ಅಂದ,” ಅಂತ ನೆನೆಸಿಕೊಂಡರು. ಆದರೆ ಆ ಗುಮಾಸ್ತ ಕಾರಣವನ್ನಾದರೂ ಹೇಳಿದ್ದ, ಅಲ್ವಾ?

ಮೈನಸ್ 7ಕ್ಕೆ ಔಷಧ ಒಂದೇ, ಹಳೆಯದನ್ನು ಕಿತ್ತು ಹಾಕುವುದು. ಕಿತ್ತರೆ ಅದರೊಳಗಿನ ಹೋದ ವರ್ಷದ ಲೆಕ್ಕವೂ ಹೋಗುತ್ತದೆ. ಅದನ್ನು ಮೊದಲು ಹೊರಗೆ ತೆಗೆಯಲು ಡೆವಲಪರುಗಳಿಗೆ ಒಂದು ಕಳ್ಳದಾರಿ ಇದೆ, ನಾನು ಅದರ ಕಮಾಂಡು ಹುಡುಕುತ್ತಿದ್ದೆ. ದೊಡ್ಡಪ್ಪ ಒಳಗಿನಿಂದ ಉದ್ದದ ಲೆಕ್ಕದ ಪುಸ್ತಕ ತಂದರು. ವರ್ಷವಿಡೀ ಎರಡೂ ಕಡೆ ಬರೆದಿದ್ದರಂತೆ. “ನಿನಗೆ ಬೇಜಾರಾಗ್ಬಾರ್ದು ಅಂತ ಹೇಳಿರ್ಲಿಲ್ಲ.” ಪುಸ್ತಕದಲ್ಲಿ ಅರ್ಧ ಡಬ್ಬವೂ ಇತ್ತು.

ಐಫೋನ್ ಇದ್ದವರು ಇದನ್ನು ಓದಿ ನಗಬೇಡಿ. ನಿಮ್ಮಲ್ಲಿ ದುಡ್ಡು ಕೊಡದೆ ಸ್ವಂತ ಆಪನ್ನು ಸ್ವಂತ ಫೋನಿಗೆ ಹಾಕಿಕೊಂಡರೆ ಅದು ಬದುಕುವುದು 7 ದಿನ. ಎಂಟನೇ ದಿನ ತೆರೆಯುವುದಿಲ್ಲ, ಮತ್ತೆ ಕೇಬಲ್ಲು, ಮತ್ತೆ ಮ್ಯಾಕು. ವರ್ಷಕ್ಕೆ 99 ಡಾಲರ್ ಕಟ್ಟಿದರೆ ಈ ವಾರದ ತಿಥಿ ತಪ್ಪುತ್ತದೆ. ಅಲ್ಲೂ ಏಳು, ಇಲ್ಲೂ ಏಳು. ನಮ್ಮ ಜ್ಯೋತಿಷಿಗಳು ಹೇಳುವ ಏಳರಾಟದ ಶನಿ ಈಗ ಮೊಬೈಲ್ ರಾಶಿಗೆ ಬಂದಿದೆ.

ಬೀಗವೇ ಬೇಡ ಅಂತ ನಾನು ಹೇಳುತ್ತಿಲ್ಲ. ‘ಮದುವೆ ಆಮಂತ್ರಣ’ ಅಂತ ವಾಟ್ಸಾಪಿನಲ್ಲಿ ಬರುವ ಕಡತ ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರು ಎಷ್ಟೋ ಜನ. ಟ್ರಾಫಿಕ್ ದಂಡದ ಹೆಸರಿನಲ್ಲೂ ಅದೇ ಮೋಸ. ಗೂಗಲ್ 2025ರ ಆಗಸ್ಟಿನಲ್ಲಿ ಇದನ್ನೇ ಮುಂದಿಟ್ಟು ಹೊಸ ನಿಯಮ ಹೇಳಿತು: ಪ್ಲೇ ಸ್ಟೋರ್ ಹೊರಗಿನ ಆಪಾದರೂ ಮಾಡಿದವರು ತಮ್ಮ ಗುರುತು ನೋಂದಾಯಿಸಬೇಕು. 2026ರ ಸೆಪ್ಟೆಂಬರಿನಲ್ಲಿ ಮೊದಲು ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್, ಉಳಿದವರಿಗೆ 2027ರಿಂದ ಅಂತ. ಗದ್ದಲ ಎದ್ದ ಮೇಲೆ ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಸ್ವಲ್ಪ ಸಡಿಲ ಮಾಡುತ್ತೇವೆ ಅಂದರು. ಕೇಬಲ್ ಹಿಡಿದು ಬರುವವರಿಗೆ ತೊಂದರೆ ಇಲ್ಲ ಅಂತಲೂ ಹೇಳಿದ್ದಾರೆ. ಸಂತೋಷ. ದೊಡ್ಡಮ್ಮನ ಹೊಲಿಗೆ ಡಬ್ಬಿಗೆ ನಾನು ಈಗಲೇ ಬೀಗ ಹಾಕಿಸಿದ್ದೇನೆ.

ನನ್ನ ಸಂಕಟ ಬೇರೆ. ಹಿತ್ತಲ ಬಾಗಿಲಲ್ಲಿ ಇಷ್ಟೊಂದು ಬೀಗ ಹಾಕುವವರು ಹೆಬ್ಬಾಗಿಲನ್ನು ಹಾರು ಹೊಡೆದು ಇಟ್ಟಿದ್ದಾರೆ. ಅಂಗಡಿಯಿಂದ ಹೊಸ ಫೋನು ತಂದು ತೆರೆದರೆ ಆಗಲೇ ಒಳಗೆ ಒಂದು ಸಂತೆ ನೆರೆದಿರುತ್ತದೆ. ಹವಾಮಾನ ಹೇಳುವವನು, ಸಾಲ ಕೊಡುವವನು, ನಮ್ಮ ಗ್ಯಾಲರಿ ಇದ್ದರೂ ತನ್ನದೂ ಒಂದು ಗ್ಯಾಲರಿ ಹೊತ್ತು ತಂದವನು. ಕೆಲವರನ್ನಂತೂ ಎಬ್ಬಿಸಲೂ ಆಗದು. 2025ರ ಡಿಸೆಂಬರ್ ಹೊತ್ತಿಗೆ ಸರ್ಕಾರಕ್ಕೂ ಆಸೆಯಾಯಿತು. ಕಳೆದ ಫೋನು, ಮೋಸದ ಕರೆಗಳ ಬಗ್ಗೆ ದೂರು ಕೊಡುವ ತನ್ನ ಸಂಚಾರ್ ಸಾಥಿ ಆಪನ್ನು ಪ್ರತಿ ಹೊಸ ಫೋನಿಗೂ ಹಾಕಿಯೇ ಮಾರಬೇಕು, 90 ದಿನದೊಳಗೆ, ಅಂತ ಕಂಪನಿಗಳಿಗೆ ಆದೇಶ ಹೋಯಿತು. ಜನ ಕೂಗಾಡಿದರು, ಡಿಸೆಂಬರ್ 3ಕ್ಕೆ ವಾಪಸ್ ತೆಗೆದುಕೊಂಡರು. ಒಂದು ಮಾತು ಒಪ್ಪಬೇಕು, ಅವರು ಬಿಲ್ಡ್ ನಂಬರ್ ಏಳು ಸಲ ಒತ್ತುವ ಯೋಚನೆ ಮಾಡಿರಲಿಲ್ಲ.

ಹಳೆಯದನ್ನು ಕಿತ್ತು, ಬಣವೆ ಪಕ್ಕ ಮೂರನೇ ಸಲ ಕೈ ಎತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ‘ಸಕ್ಸೆಸ್’ ಬಂತು. ಆಗ ಫೋನಿನ ಕಾವಲುಗಾರ ಮತ್ತೊಂದು ಪೆಟ್ಟಿಗೆ ತಂದ: ಈ ಆಪ್ ಮಾಡಿದವರ ಪರಿಚಯ ನಮಗಿಲ್ಲ, ಹಾನಿ ಆಗಬಹುದು. ದೊಡ್ಡಪ್ಪ ಫೋನಿಗೇ ಹೇಳಿದರು, “ಇವನ ತೊಟ್ಟಿಲು ಕಟ್ಟಿದ್ದೇ ನಾನು ಮಾರಾಯ.” ಆಮೇಲೆ ಒತ್ತಿದರು.

ಸಂಜೆ ಚಪ್ಪರದಡಿ ಆಪ್ ಓಡಿತು. ಅರ್ಧ ಡಬ್ಬ ಎಣಿಸಿತು. ಸುಲಿಯುವವರಲ್ಲಿ ಹಿರಿಯರೊಬ್ಬರು ಈಗ ಕಾಲು ಡಬ್ಬ ಯಾಕಿಲ್ಲ ಅಂತ ಕೇಳಿದರು. ನೋಡುತ್ತೇನೆ ಅಂದೆ.

ರಾತ್ರಿ ಫೋನು ಚಾರ್ಜಿಗೆ ಹಾಕಿ ಮಲಗಿದೆವು. ಬೆಳಿಗ್ಗೆ ಎದ್ದು ಬ್ಯಾಗು ತುಂಬುತ್ತಿದ್ದೆ. ದೊಡ್ಡಪ್ಪ ಫೋನ್ ಹಿಡಿದು ಬಂದರು. ರಾತ್ರಿ ಅದೇನೋ ಅಪ್‌ಡೇಟ್ ಆಗಿದೆಯಂತೆ. ಡಬ್ಬದ ಆಪ್ ಪಕ್ಕದಲ್ಲೇ ಎರಡು ಹೊಸ ಚಿತ್ರ. ಒಂದು ಬಣ್ಣದ ಮಿಠಾಯಿ ಒಡೆಯುವ ಆಟ, ಇನ್ನೊಂದು ಐದು ನಿಮಿಷದಲ್ಲಿ ಸಾಲ.

“ಇದನ್ನೂ ನೀನೇ ಹಾಕಿದ್ದಾ?”

“ಇಲ್ಲಪ್ಪ.”

ಅವರು ಚಾರ್ಜಿಗೆ ಹಾಕಿದ್ದ ವಯರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಸ್‌ಸ್ಟ್ಯಾಂಡಿನದು, ಎರಡು ತಂತಿಯದು.

“ಮತ್ತೆ ಇವು ಒಳಗೆ ಬಂದಿದ್ದು ಹ್ಯಾಂಗೆ ಮಾಣಿ? ನಾನು ಕೈ ಎತ್ತೇ ಇಲ್ಲ.”