ಬೀರುವಿಗೆ ಯಾಕ್ರೀ ಹೊದಿಕೆ?

ಕೋಪ ಇಳಿದ ಮೇಲೆ ನಾಳೆ ಬರೆಯೋಣ ಅಂದುಕೊಂಡಿದ್ದೆ. ನಾಳೆಗೆ ಇನ್ನೂ ಜಾಸ್ತಿಯಾಗುವ ಲಕ್ಷಣ ಕಂಡಿತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇವತ್ತು ಶಿರಾ ಗೇಟ್ ಹತ್ತಿರ ಒಂದು ಮಗುವಿನ ಮೊದಲ ಹುಟ್ಟುಹಬ್ಬ. ಹತ್ತಿರದ ಸಂಬಂಧ. ನಾಮಕರಣದ ದಿನ ನಾನೇ ನೇಯ್ದ ಹತ್ತಿ ಹೊದಿಕೆ ಕೊಟ್ಟಿದ್ದೆ. ಊಟ ಆದಮೇಲೆ ಮಗುವಿನ ಅಜ್ಜಿ ನನ್ನನ್ನು ರೂಮಿಗೆ ಕರೆದುಕೊಂಡು ಹೋದರು. ಬೀರು ತೆಗೆದು, ರೇಷ್ಮೆ ಸೀರೆಗಳ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ಎಳೆದರು. ಒಳಗೆ ನನ್ನ ಹೊದಿಕೆ. ಕಟ್ಟಿದ್ದ ರಿಬ್ಬನ್ನನ್ನೂ ಬಿಚ್ಚಿಲ್ಲ. ಜೊತೆಗೆ ನುಸಿಗುಳಿಗೆ.

"ನೋಡು ಕಣಮ್ಮ, ಹೆಂಗಿತ್ತೋ ಹಂಗೇ ಐತೆ. ಒಂದ್ಸಲಾನೂ ಆಚೆ ತೆಗೆದಿಲ್ಲ" ಅಂದರು. ಮುಖದಲ್ಲಿ ಎಂಥ ಹೆಮ್ಮೆ!

ಆಚೆ ಹಾಲ್‌ನಲ್ಲಿ ಮಗು ಟೆಡ್ಡಿ ಚಿತ್ರದ ಫರ್ ರಗ್ಗಿನಲ್ಲಿ ಬೆವರುತ್ತಾ ಮಲಗಿತ್ತು. ತುಮಕೂರಿನ ಏಪ್ರಿಲ್ ಬಿಸಿಲು. ಫ್ಯಾನ್ ಹಾಕಿದರೆ ಬಿಸಿಗಾಳಿ. ಅದರಲ್ಲಿ ಫರ್ ರಗ್ಗು! ನುಸಿಗುಳಿಗೆ ವಿಷಯ ಮಾತ್ರ ಅಲ್ಲೇ ಹೇಳಿದೆ. ಉಳಿದಿದ್ದನ್ನೆಲ್ಲ ನುಂಗಿಕೊಂಡು "ಚೆನ್ನಾಗಿ ಇಟ್ಟಿದ್ದೀರಿ ಅತ್ತೆ" ಅಂತ ನಕ್ಕು, ಕೇಕ್ ತಿಂದು ಬಂದೆ.

(ಇದನ್ನು ಓದುತ್ತಿರುವ ಸಂಬಂಧಿಕರು ಯಾರ ಮನೆ ಅಂತ ಹುಡುಕುವುದಕ್ಕೆ ಹೋಗಬೇಡಿ. ನಿಮ್ಮ ಮನೆಯ ಬೀರುವಿನಲ್ಲೂ ಒಂದಿದೆ. ನನಗೆ ಗೊತ್ತು.)

ಅದೇ ನನ್ನ ತಕರಾರು. ಒಂದು ಮನೆಯಲ್ಲಿ ಹೀಗಾಗಿದ್ದರೆ ಸುಮ್ನೆ ಇರುತ್ತಿದ್ದೆ. ಕೊಟ್ಟ ಮನೆಯಲ್ಲೆಲ್ಲ ಇದೇ ಕತೆ. ಕ್ಯಾತ್ಸಂದ್ರ, ಗುಬ್ಬಿ, ಮಧುಗಿರಿ, ಎಲ್ಲಿಗೆ ಹೋದರೂ "ತುಂಬಾ ಚೆನ್ನಾಗಿದೆ, ಅದಕ್ಕೇ ಎತ್ತಿಟ್ಟಿದ್ದೀವಿ". ಚೆನ್ನಾಗಿಲ್ಲದಿದ್ದರೆ ಬಳಸುತ್ತಿದ್ದಿರಾ? ಹಾಗಾದರೆ ಹೇಳಿ, ಇನ್ನು ಮೇಲೆ ಕೆಟ್ಟದಾಗಿ ನೇಯುತ್ತೇನೆ.

ನಮ್ಮ ಮನೆಗೆ ಬಂದವರು ಮಗ್ಗ ನೋಡಿದ್ದೀರಿ. ಸೋಫಾ ಇರಬೇಕಾದ ಜಾಗದಲ್ಲಿ ನಿಂತಿದೆ. ಹಳೇ ನೇಕಾರರ ಹಾಗೆ ಗುಂಡಿ ಮಗ್ಗ ಹಾಕಿಸೋಣ ಅಂದರೆ ಬಾಡಿಗೆ ಮನೆಯ ನೆಲ ಅಗೆಯುವುದಕ್ಕೆ ಓನರ್ ಬಿಡುತ್ತಾರಾ? ಹಾಗಾಗಿ ಮರದ ಚೌಕಟ್ಟಿನ ಫ್ಲೋರ್ ಲೂಮ್. ಕಾಲಲ್ಲಿ ತುಳಿದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಒಂದಷ್ಟು ಎಳೆ ಮೇಲೇಳುತ್ತದೆ, ಉಳಿದದ್ದು ಕೆಳಗೆ. ನಡುವೆ ಅಡ್ಡನೂಲು ಹೊತ್ತ ಲಾಳಿ ಹೋಗಬೇಕು. ಆಮೇಲೆ ಬಾಚಣಿಗೆಯಂಥ ಹಣಿಗೆ ಎಳೆದು ಆ ಹೊಕ್ಕಿನ ನೂಲನ್ನು ಕೂರಿಸಬೇಕು. ನೋಡಿದವರಿಗೆ ಇಷ್ಟೇ ಕೆಲಸ ಅನ್ನಿಸುತ್ತದೆ. ಅಸಲಿ ಕೆಲಸ ಅದಕ್ಕಿಂತ ಮೊದಲೇ ಮುಗಿದಿರುತ್ತದೆ.

ಮಗುವಿನ ಹೊದಿಕೆ 36 ಇಂಚು ಚೌಕ ಬರಬೇಕು ಅಂದರೆ ನಾನು ಮಗ್ಗದ ಮೇಲೆ 40 ಇಂಚು ಅಗಲ ಹಾಸು ಹಾಕುತ್ತೇನೆ. ಇಂಚಿಗೆ 20 ಎಳೆ. ಒಟ್ಟು 800. ಒಂದೊಂದು ಎಳೆಯನ್ನೂ ಅದನ್ನು ಎತ್ತಿ ಇಳಿಸುವ ದಾರದ ಕಣ್ಣಿನಲ್ಲಿ ತೂರಿಸಿ, ಮತ್ತೆ ಹಣಿಗೆಯ ಹಲ್ಲಿನಲ್ಲಿ ಎಳೆಯಬೇಕು. ಒಂದು ತಪ್ಪಿದರೂ ಬಟ್ಟೆಯ ಉದ್ದಕ್ಕೂ ಗೀರು. ಅಷ್ಟಾಗಿ ಆ ನಾಲ್ಕು ಇಂಚು ಜಾಸ್ತಿ ಯಾಕೆ? ನೇಯುವಾಗ ಅಂಚು ಸ್ವಲ್ಪ ಒಳಗೆ ಸೇದುತ್ತದೆ, ನೀರಿಗೆ ಬಿದ್ದಾಗ ಹತ್ತಿ ಇನ್ನಷ್ಟು ಕುಗ್ಗುತ್ತದೆ. ಅಂದರೆ ಲೆಕ್ಕ ಹಾಕುವಾಗಲೇ ಬಕೆಟ್ಟಿನ ನೀರು ನನ್ನ ತಲೆಯಲ್ಲಿದೆ. ನಿಮ್ಮ ಬೀರು ಇಲ್ಲ.

ಇನ್ನೂ ಕೇಳಿ. ಎಳೆಗಳನ್ನು ನಡುವೆ ಎಲ್ಲೂ ಹೆಣೆಯದೆ ಉದ್ದುದ್ದ ಹಾರಿಸಿದರೆ ನೋಡುವುದಕ್ಕೆ ಒಳ್ಳೊಳ್ಳೆ ಡಿಸೈನ್ ಬರುತ್ತದೆ. ನಾನು ಹಾರಿಸುವುದಿಲ್ಲ. ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ, ಓರೆ ಗೆರೆಯ ನೇಯ್ಗೆ, ಅಷ್ಟೇ. ಅಂಚಿಗೆ ಕುಚ್ಚು ಬಿಡುವುದಿಲ್ಲ. "ಕುಚ್ಚು ಇದ್ದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅಕ್ಕ" ಅಂತ ಕೇಳದವರೇ ಇಲ್ಲ. ಬಾಯಿಗೆ ಹೋಗುತ್ತೆ ಕಣ್ರೀ. ನೂಲು ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಹಾಗಾಗಿ ಅಂಚು ಮಡಿಚಿ ಹೊಲಿಯುತ್ತೇನೆ. ಬಣ್ಣದ ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿದ ಮೇಲೇ ಮಗ್ಗಕ್ಕೆ ತರುವುದು, ಯಾಕೆಂದರೆ ಮಗು ಚೀಪುತ್ತದೆ. ಹಣಿಗೆ ಜೋರಾಗಿ ಬಡಿಯುವುದಿಲ್ಲ, ಬಟ್ಟೆ ಮೆತ್ತಗಿರಬೇಕು. ಹೀಗೆ ಪ್ರತಿಯೊಂದನ್ನೂ ಉಚ್ಚೆ, ಜೊಲ್ಲು, ಕಕ್ಕಿದ ಹಾಲು, ರಾಗಿ ಸರಿ ನೆನಪಿಟ್ಟುಕೊಂಡೇ ಮಾಡಿರುತ್ತೇನೆ. ಮುಂದೆ ಅದು ಹೋಗಿ ಸೀರೆ ಕೆಳಗೆ ಮಲಗುತ್ತದೆ. ಅಲ್ಲಿ ಯಾರು ಉಚ್ಚೆ ಹೊಯ್ಯುತ್ತಾರೆ?

ಆ ಫರ್ ರಗ್ಗಿನ ಮೇಲೆ ನನಗೆ ದ್ವೇಷ ಇಲ್ಲ ಅಂದರೆ ಸುಳ್ಳು. ಅದು ಪಾಲಿಯೆಸ್ಟರ್. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಬೆವರು ಎಲ್ಲಿಗೆ ಹೋಗಬೇಕು? ಮಗುವಿನ ಮೈಮೇಲೇ ಕೂರುತ್ತದೆ. ಆಮೇಲೆ "ಬೆವರುಸಾಲೆ ಎದ್ದಿದೆ, ಯಾವ ಪೌಡರ್ ಹಾಕೋಣ" ಅಂತ ನನಗೇ ಫೋನು. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಸಡಿಲವಾದ, ದಪ್ಪನೆ ಹೊದಿಕೆ ಯಾವುದನ್ನೂ ಮುಖದ ಹತ್ತಿರ ಬಿಡಬೇಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಅದು ನನ್ನ ಹೊದಿಕೆಗೂ ಅನ್ವಯ. ಎತ್ತಿಕೊಂಡಾಗ ಸುತ್ತಿ, ನೆಲದ ಮೇಲೆ ಹಾಸಿ ಆಡಲು ಬಿಡಿ, ಬಸ್ಸಿನಲ್ಲಿ ಹೋಗುವಾಗ ಮಡಿಲಿಗೆ ಹಾಕಿಕೊಳ್ಳಿ. ಬೇಕಾದಷ್ಟು ದಾರಿ ಇದೆ.

ಹಳೇ ಕಾಲದಲ್ಲಿ ಕೂಸಿಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಅಜ್ಜಿಯ ಹಳೇ ಹತ್ತಿ ಸೀರೆ ಹರಿದು ಸುತ್ತುತ್ತಿದ್ದರು. ಇವತ್ತೂ ಯಾರಾದರೂ ಹಾಗೆ ಮಾಡಿದರೆ ನಾನು ಕೈ ಮುಗಿಯುತ್ತೇನೆ. ನನ್ನ ಹೊದಿಕೆಗಿಂತ ಅದೇ ಮೇಲು. ವರ್ಷಗಟ್ಟಲೆ ಒಗೆದೂ ಒಗೆದೂ ಮೆತ್ತಗಾದ ಬಟ್ಟೆ ಅದು. ಒಗೆದಷ್ಟೂ ಗಂಜಿ ಬಿಡುತ್ತದೆ, ನೂಲು ಸಡಿಲವಾಗುತ್ತದೆ, ಮೈಗೆ ಹಿತವಾಗುತ್ತದೆ. ಇನ್ನೊಂದು ವಿಷಯ ಗೊತ್ತಾ? ಹತ್ತಿ ನೂಲು ಒಣಗಿರುವಾಗಿನದಕ್ಕಿಂತ ಒದ್ದೆಯಾದಾಗಲೇ ಗಟ್ಟಿ. ನೀರಿಗೆ ಹೆದರದ ನೂಲನ್ನು ನೀವು ನೀರಿನಿಂದ ಕಾಪಾಡುತ್ತಿದ್ದೀರಿ. ಎಂಥ ಕರುಣೆ!

ಕಂಬಳಿ ನೋಡಿ. ಶಿರಾ, ಪಾವಗಡ ಕಡೆ ಕುರಿ ಕಾಯುವವರ ಹೆಗಲ ಮೇಲೆ ನೋಡಿರುತ್ತೀರಿ. ಕುರಿ ತುಪ್ಪಟದ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯ್ದದ್ದು. ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ, ಮಳೆ ಬಂದರೆ ತಲೆಗೆ ಕೊಪ್ಪೆಯೂ ಅದೇ. ದೇವರ ಗದ್ದುಗೆಗೂ ಕಂಬಳಿಯೇ ಬೇಕು. ಅಲ್ಲೂ ಅದನ್ನು ಹಾಸುವುದು ನೆಲದ ಮೇಲೆ. ದೇವರೇ ಬಳಸುತ್ತಾನೆ, ನಿಮ್ಮ ಮೊಮ್ಮಗನಿಗೆ ಏನು ಧಾಡಿ?

ಇನ್ನು ಆಗಸ್ಟ್ 7. 1905ರಲ್ಲಿ ಅದೇ ತಾರೀಕು ಸ್ವದೇಶಿ ಚಳವಳಿ ಶುರುವಾಗಿದ್ದರ ನೆನಪಿಗೆ 2015ರಿಂದ ರಾಷ್ಟ್ರೀಯ ಕೈಮಗ್ಗ ದಿನ ಮಾಡುತ್ತಿದ್ದಾರೆ. ಆವತ್ತು ನನ್ನ ಫೇಸ್‌ಬುಕ್ ತುಂಬ "ಕೈಮಗ್ಗ ಉಳಿಸಿ". ಎತ್ತಿಟ್ಟವರೇ ಹಾಕಿರುತ್ತಾರೆ, ಸೆಲ್ಫಿ ಸಮೇತ. 1985ರಲ್ಲಿ ಒಂದು ಕಾಯ್ದೆಯೂ ಬಂದಿದೆ. ಕೆಲವು ಬಗೆಯ ಸೀರೆ, ಪಂಚೆ, ಲುಂಗಿ, ಟವೆಲ್ಲು, ಕಂಬಳಿ ಹೀಗೆ ಈಗ 11 ತರದ ಬಟ್ಟೆ ಕೈಮಗ್ಗಕ್ಕೇ ಮೀಸಲು, ಪವರ್‌ಲೂಮಿನಲ್ಲಿ ನೇಯುವ ಹಾಗಿಲ್ಲ. ಕಾನೂನು ಅಲ್ಲಿವರೆಗೆ ಬರಬಹುದು. ಕೊಂಡ ಬಟ್ಟೆಯನ್ನು ಬಳಸಿ ಅಂತ ಯಾವ ಇನ್ಸ್‌ಪೆಕ್ಟರ್ ಬಂದು ನಿಮ್ಮ ಬೀರು ತೆಗೆಸಬೇಕು? ಒಂದು ಹರಿದರೆ ತಾನೇ ಇನ್ನೊಂದು ಬೇಕಾಗುವುದು? ಎತ್ತಿಟ್ಟಿದ್ದು ಹರಿಯುವುದಿಲ್ಲ. ನೇಕಾರನಿಗೆ ಎರಡನೇ ಸಲ ಯಾರೂ ಫೋನ್ ಮಾಡುವುದಿಲ್ಲ.

ಈಗ ಹೇಳುತ್ತೀರಿ, "ಕೊಟ್ಟಮೇಲೆ ಅದು ಅವರದು. ಏನಾದರೂ ಮಾಡಿಕೊಳ್ಳಲಿ, ನಿನಗೇನು?" ಇದನ್ನು ನಮ್ಮ ಮನೆಯವರೇ ಹೇಳಿದರು, ಕಾಫಿ ಕುಡಿಯುತ್ತಾ. ನ್ಯಾಯವಾದ ಮಾತು. ಒಪ್ಪುತ್ತೇನೆ. ಒಪ್ಪಿಕೊಂಡೇ ಕೋಪ ಮಾಡಿಕೊಳ್ಳುತ್ತೇನೆ, ಅದಕ್ಕೆ ಯಾರ ಪರ್ಮಿಷನ್ ಬೇಕು?

ಇನ್ನೊಂದು ವಾದ, "ನೆನಪಿಗೆ ಇರಲಿ ಅಂತ ಎತ್ತಿಡೋದು". ಯಾವ ನೆನಪು? ಆ ಮಗು ಒಂದು ದಿನವೂ ಮುಟ್ಟದ ಬಟ್ಟೆ ಅದು. ಇಪ್ಪತ್ತು ವರ್ಷ ಆದಮೇಲೆ ತೆಗೆದು "ನೋಡಪ್ಪಾ, ಇದನ್ನು ನಿನಗೆ ಹೊದಿಸಲೇ ಇಲ್ಲ" ಅಂತ ತೋರಿಸುತ್ತೀರಾ? ಅದೂ ಅಷ್ಟು ವರ್ಷ ಉಳಿದರೆ. ಗಂಜಿ ಇರುವ ಬಟ್ಟೆ ಅಂದರೆ ಬೆಳ್ಳಿಹುಳಕ್ಕೆ ಹಬ್ಬ. ಪ್ಲಾಸ್ಟಿಕ್ ಕವರಿನೊಳಗೆ ತೇವ ಸಿಕ್ಕಿದರೆ ಬೂಷ್ಟು. ಅದಕ್ಕೆ ಔಷಧಿ ಅಂತ ನುಸಿಗುಳಿಗೆ. ಇದೊಂದನ್ನು ತಮಾಷೆ ಬಿಟ್ಟು ಹೇಳುತ್ತೇನೆ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ, ನ್ಯಾಫ್ತಲೀನ್ ಗುಳಿಗೆ ಜೊತೆ ಇಟ್ಟಿದ್ದ ಬಟ್ಟೆ ಹೊದಿಸಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಎಳೆಗೂಸಿಗೆ ಅದು ಸಣ್ಣ ವಿಷಯ ಅಲ್ಲ. ಮಗುವಿಗೆ ಆ ಕೊರತೆ ಇದೆ ಅಂತ ಎಷ್ಟೋ ಮನೆಗಳಲ್ಲಿ ಗೊತ್ತೂ ಇರುವುದಿಲ್ಲ. ಮಕ್ಕಳ ಬಟ್ಟೆಯ ಹತ್ತಿರ ಆ ಗುಳಿಗೆ ಇಡಲೇಬೇಡಿ.

ಇಷ್ಟು ಸಿಟ್ಟು ಎಲ್ಲಿಂದ ಬಂತು ಅಂತ ಕೇಳಿದರೆ, ಅಮ್ಮನ ಬೀರುವಿನಿಂದ. ಅಮ್ಮನ ಹತ್ತಿರ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ನೇಯ್ದ ಒಂದು ರೇಷ್ಮೆ ಸೀರೆ ಇತ್ತು. ನವಿಲು ಬಣ್ಣ. "ಒಳ್ಳೆ ಫಂಕ್ಷನ್‌ಗೆ ಉಡ್ತೀನಿ" ಅನ್ನುತ್ತಿದ್ದಳು. ಅವಳಿಗೆ ಸರಿ ಅನ್ನಿಸುವಷ್ಟು ಒಳ್ಳೆಯ ಫಂಕ್ಷನ್ ಬರಲೇ ಇಲ್ಲ. ಅವಳು ಹೋದಮೇಲೆ ನಾನು ಉಡೋಣ ಅಂತ ಬಿಡಿಸಿದೆ. ಮಡಿಕೆ ಮಡಿಕೆಗೆ ಹರಿದು ಪಟ್ಟಿಪಟ್ಟಿಯಾಗಿ ಕೈಗೆ ಬಂತು. ಅದನ್ನು ನೇಯ್ದವರಿಗೆ ಇದು ಗೊತ್ತಾಗಲಿಲ್ಲವಲ್ಲ, ಅದೇ ಪುಣ್ಯ.

ಈಗ ನನಗೆ ಒಂದು ಚಟ ಅಂಟಿಕೊಂಡಿದೆ. ಹೊದಿಕೆ ಕೊಟ್ಟ ಮನೆಗೆ ಹೋದರೆ ಮಗುವಿನ ಮುಖಕ್ಕಿಂತ ಮೊದಲು ಬಟ್ಟೆ ಒಣಹಾಕುವ ತಂತಿ ನೋಡುತ್ತೇನೆ. ನೀರು ಬೇಕು ಅಂತ ಹಿತ್ತಲವರೆಗೂ ಹೋಗುತ್ತೇನೆ. ಅಸಹ್ಯ ಅಂತ ಗೊತ್ತು. ಬಿಡಕ್ಕಾಗುತ್ತಿಲ್ಲ.

ಕುಣಿಗಲ್‌ನಿಂದ ಒಬ್ಬ ಹೆಣ್ಣುಮಗಳು ಒಂದು ಹೊದಿಕೆ ವಾಪಸ್ ತಂದಳು. ಬೈಯುವುದಕ್ಕೆ ಬಂದಳೇನೋ ಅಂದುಕೊಂಡೆ. ನಡುವೆ ತೂತು. ಒಂದು ಮೂಲೆಯನ್ನು ಇಲಿ ಕಡಿದಿದೆ. ಬಣ್ಣ ಮಾಸಿ, ಯಾವ ನೂಲು ಹಾಕಿದ್ದೆ ಅಂತ ನನಗೇ ಗುರುತು ಸಿಗಲಿಲ್ಲ. "ದೊಡ್ಡವನು ಮುಗಿಸಿ, ಚಿಕ್ಕವಳಿಗೆ ಬಂತು ಅಕ್ಕ. ಈಗ ತಂಗಿಗೆ ಹೆರಿಗೆ ಆಗಿದೆ. ತೇಪೆ ಹಾಕಿಕೊಡ್ತೀರಾ? ಮಾಮೂಲಿ ಕೈ ಹೊಲಿಗೆಯಾದರೂ ಆಗುತ್ತೆ" ಅಂದಳು. ದುಡ್ಡು ತೆಗೆದುಕೊಳ್ಳಲಿಲ್ಲ. ಊಟ ಮಾಡಿಸಿ ಕಳಿಸಿದೆ. ಯಾವ ಅವಾರ್ಡ್ ಬಂದರೂ ನನಗೆ ಅಷ್ಟು ಖುಷಿಯಾಗಲಿಕ್ಕಿಲ್ಲ (ಯಾರೂ ಕೊಟ್ಟಿಲ್ಲ, ಆ ಮಾತು ಬೇರೆ).

ಹಾಗಾಗಿ ಇವತ್ತು ಆಟೋದಲ್ಲಿ ಕೂತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ರಿಬ್ಬನ್ ಇಲ್ಲ, ಡಬ್ಬಿ ಇಲ್ಲ, ಗಿಫ್ಟ್ ಪೇಪರ್ ಇಲ್ಲ. ಮಗ್ಗದಿಂದ ಇಳಿಸಿದ ಹೊದಿಕೆಯನ್ನು ನಾನೇ ಚೆನ್ನಾಗಿ ಒಗೆದು, ಬಿಸಿಲಿಗೆ ಹಾಕಿ, ಮತ್ತೆ ಒಗೆದು, ಸ್ವಲ್ಪ ಹಳೆಯದು ಮಾಡಿಯೇ ಕೊಡುತ್ತೇನೆ. ಇಸ್ತ್ರಿ ಇರುವುದಿಲ್ಲ. ನಾಮಕರಣಕ್ಕೆ ಬಂದು ಸಭೆಯಲ್ಲಿ ಕೊಡುವುದಿಲ್ಲ. ಮನೆಗೆ ಬಂದು ಮಗುವನ್ನು ಎತ್ತಿಕೊಂಡು ನಾನೇ ಸುತ್ತುತ್ತೇನೆ. ಅದು ಉಚ್ಚೆ ಹೊಯ್ಯುವವರೆಗೆ ಎದ್ದು ಹೋಗುವುದಿಲ್ಲ.

ಮಧುಗಿರಿಯ ನನ್ನ ಗೆಳತಿ ಇದನ್ನು ಓದುತ್ತಿರುತ್ತಾಳೆ. ಮಗ್ಗದ ಮೇಲೆ ಈಗ ನಿನ್ನದೇ ಹಾಸು ಇದೆ ಕಣೇ, ಹಳದಿ ಮತ್ತು ಬಿಳಿ. ಹೆರಿಗೆಗೆ ಮೊದಲು ಮುಗಿಯುತ್ತದೆ. ದಯವಿಟ್ಟು ಇನ್ನೊಂದು ಸಲ ಕುಚ್ಚು ಕೇಳಬೇಡ.