ಬಾರ್ಲಾ ಅಂದಿತು ಬೆಟ್ಟ

ನಂದಿ ಬೆಟ್ಟದ ರಸ್ತೆಗೆ 40 ತಿರುವು. ಭಾನುವಾರ ಬೆಳಗಿನ ಜಾವ ಹೋಗಿ, ಒಂದು ಸಲವೂ ಕಾಲು ಕೆಳಗಿಡದೆ ಅಷ್ಟನ್ನೂ ಸೈಕಲ್‌ನಲ್ಲಿ ಹತ್ತಿದವನು ನಾನು. ಹಾಗಾಗಿ ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಗಾಟಾ ಲೂಪ್ಸ್ ಅಂತ ಒಂದು ಭಾರಿ ಏರು ಇದೆ, ಅದರಲ್ಲಿ 21 ತಿರುವು ಅಂತ ಗೊತ್ತಾದಾಗ ನಗು ಬಂತು. “ಅರ್ಧ ನಂದಿ” ಅಂದೆ. ಹೆಂಡತಿ ವಾದ ಮಾಡಲಿಲ್ಲ. “ರೀ, ಮೂಲೆ ಅಂಗಡಿಯಿಂದ ಹಾಲು ತರೋಕೂ ಸ್ಕೂಟರ್ ತೆಗೀತೀರಲ್ಲ” ಅಂದಳು ಅಷ್ಟೇ.

ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಒಂದೇ ವಿಷಯ. ನಂದಿಯ ತುದಿ 1,478 ಮೀಟರ್. ಗಾಟಾ ಲೂಪ್ಸ್ ಶುರುವಾಗುವುದೇ ಸುಮಾರು 4,200 ಮೀಟರಿನಲ್ಲಿ.

ಅಟಲ್ ಸುರಂಗ ಬಿಟ್ಟು ರೋಹ್ತಾಂಗ್ ಹತ್ತಿ ಹೋದರೆ ಲೇಹ್‌ಗೆ ಸುಮಾರು 475 ಕಿ.ಮೀ. ದಾರಿಯಲ್ಲಿ ಐದು ಪಾಸ್, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ: ರೋಹ್ತಾಂಗ್, ಬಾರಾಲಾಚಾ ಲಾ, ನಕೀ ಲಾ, ಲಾಚುಂಗ್ ಲಾ, ತಂಗ್ಲಂಗ್ ಲಾ. ‘ಲಾ’ ಅಂದರೆ ಆ ಕಡೆಯ ಮಾತಿನಲ್ಲಿ ಪಾಸ್ ಅಂತಲೇ ಅರ್ಥ. ಜೊತೆಗಿದ್ದ ಮಂಡ್ಯದ ಗೆಳೆಯನ ಕಿವಿಗೆ ಮಾತ್ರ ಅದು ಬೇರೆಯೇ ಕೇಳಿಸಿತು. “ನೋಡ್ಲಾ, ಬೆಟ್ಟನೇ ಬಾರ್ಲಾ ಬಾರ್ಲಾ ಅಂತ ಕರೀತೈತೆ.”

ರೋಹ್ತಾಂಗ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಕಾರುಗಳ ಹೊಗೆ ಕುಡಿದೆವು, ಮಳೆಯಲ್ಲಿ ನೆನೆದೆವು, ಇಳಿದೆವು. ಜಿಂಗ್‌ಜಿಂಗ್‌ಬಾರ್ ಹತ್ತಿರ ಹಿಮ ಕರಗಿದ ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ಬೆಳಗ್ಗೆ ಬೇಗ ಹೋದವರಿಗೆ ಪಾದ ಮುಳುಗುವಷ್ಟು. ಬಿಸಿಲೇರಿದ ಮೇಲೆ ಮೊಣಕಾಲವರೆಗೆ. ನಾವು ಮೂರನೇ ಆಲೂ ಪರೋಟಕ್ಕೆ ಕಾದು ಕೂತವರು. ಆ ಪರೋಟ ತಿಂದ ತಪ್ಪಿಗೆ ಸೈಕಲ್ ಹೆಗಲ ಮೇಲೆ ಬಂತು.

ಸರ್ಚುವಿನ ಡೇರೆಯಲ್ಲಿ ನಾಲ್ವರು ಮಲಗಿದ್ದೆವು. ರಾತ್ರಿ ಎರಡಕ್ಕೆ ‘ಢಬ್!’ ಯಾರದೋ ಟೈರ್ ಹೋಯ್ತು ಅಂತ ಎಲ್ಲರೂ ಎದ್ದೆವು. ಆ ಎತ್ತರದಲ್ಲಿ ಶೂ ಹಾಕಿಕೊಳ್ಳಲು ಬಗ್ಗಿದರೂ ಏದುಸಿರು. ಕೊರೆಯುವ ಚಳಿಯಲ್ಲಿ ಟಾರ್ಚ್ ಹಿಡಿದು ಎಂಟೂ ಟೈರ್ ಒತ್ತಿ ನೋಡಿದೆವು. ಎಲ್ಲ ಕಲ್ಲಿನಂತಿದ್ದವು. ಅನುಮಾನ ಹೋಗದೆ ಇನ್ನೊಂದು ಸುತ್ತು ಒತ್ತಿದೆವು. ಆಮೇಲೆ ಯಾರಿಗೂ ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಗೆಳೆಯ ನನ್ನನ್ನೇ ದಿಟ್ಟಿಸಿ ನೋಡಿದ. “ನಿನ್ ಕಿವೀಲಿ ಕಡ್ಲೆಬೀಜ ಐತಲ್ಲಾ?”

ಬೆಂಗಳೂರಿಂದ ತಂದ ಅವಲಕ್ಕಿ ಮಿಕ್ಸ್ಚರ್ ಪ್ಯಾಕೆಟ್ಟು ಅದು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಮ್ಮಿಯಾಗಿ ಪ್ಯಾಕೆಟ್ ಒಳಗಿನ ಗಾಳಿ ಹಿಗ್ಗುತ್ತದೆ. ಬಾರಾಲಾಚಾ ದಾಟುವ ಹೊತ್ತಿಗೆ ಅದು ಮಗುವಿನ ದಿಂಬಿನ ಹಾಗೆ ಉಬ್ಬಿತ್ತು. ನಾನೂ ದಿಂಬು ಅಂತಲೇ ತಿಳಿದು, ಆ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದೆ. ಜಿಪ್ ಹಾಕಿರಲಿಲ್ಲ. ಉಳಿದಿಬ್ಬರು ಆ ದಿನ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಮಿಕ್ಸ್ಚರ್ ಮಾತ್ರ ಆರಿಸಿ ತಿಂದರು.

ಇನ್ನು ‘ಅರ್ಧ ನಂದಿ’. ಮೊದಲ ತಿರುವನ್ನು ಹಾಡು ಗುನುಗುತ್ತ ಹತ್ತಿದೆ. ಎರಡನೆಯದರಲ್ಲಿ ಹಾಡು ನಿಂತಿತು. ಐದರಲ್ಲಿ ನಾನು ನಿಂತೆ. ಆಮೇಲೆ ಒಂದು ತಿರುವು ತುಳಿಯುವುದು, ಒಂದು ಕಲ್ಲಿನ ಮೇಲೆ ಕೂರುವುದು. ಗೆಳೆಯ ಪ್ರತಿ ಕಲ್ಲಿಗೂ ಒಂದೇ ಪ್ರಶ್ನೆ ಕೇಳಿದ. “ಇನ್ನೆಷ್ಟು ನಂದಿ ಐತ್ಲಾ?”

ಅಲ್ಲೊಂದು ತಿರುವಿನಲ್ಲಿ ಪುಟ್ಟ ಗುಡಿ. ಸುತ್ತ ನೀರಿನ ಬಾಟಲಿಗಳ ರಾಶಿ. ಕೆಟ್ಟುನಿಂತ ಲಾರಿ ಕಾಯುತ್ತ ಕೂತ ಕ್ಲೀನರ್ ಒಬ್ಬ ಹಿಮದಲ್ಲಿ ನೀರಿಲ್ಲದೆ ಸತ್ತ, ಅವನ ದೆವ್ವಕ್ಕೆ ದಾರಿಹೋಕರು ನೀರಿಡುತ್ತಾರೆ ಅಂತ ಕಥೆ. ನನ್ನ ಬಾಟಲಿ ಎರಡು ತಿರುವು ಹಿಂದೆಯೇ ಖಾಲಿಯಾಗಿತ್ತು. ರಾಶಿಯಲ್ಲಿ ಸೀಲ್ ಒಡೆಯದ ಬಾಟಲಿಗಳೂ ಇದ್ದವು. ನೋಡುತ್ತ ನಿಂತೆ.

“ದೆವ್ವದ್ ನೀರಿಗ್ ಕಣ್ ಹಾಕ್ಬ್ಯಾಡ ಕಣ್ಲಾ.”

ಅಷ್ಟರಲ್ಲಿ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಇಳಿದು ದೆವ್ವಕ್ಕೆ ಒಂದು ಬಾಟಲಿ ಇಟ್ಟು ಕೈ ಮುಗಿದ. ತಿರುಗಿ ನನ್ನ ಮುಖ ನೋಡಿ, ಲಾರಿಯಿಂದ ಇನ್ನೊಂದು ತಂದು ನನ್ನ ಮುಂದೆಯೂ ಇಟ್ಟ. ಪುಣ್ಯಕ್ಕೆ ಕೈ ಮುಗಿಯಲಿಲ್ಲ.

ಕೊನೆಯದು ತಂಗ್ಲಂಗ್ ಲಾ, 5,328 ಮೀಟರ್. ಅಲ್ಲಿ ಗಾಳಿ ನಮ್ಮ ಮಂಗಳೂರಿನ ಕಡಲ ತೀರದಲ್ಲಿ ಇರುವುದರ ಅರ್ಧದಷ್ಟು. ಫೋಟೊಗೆ ನಗಬೇಕು ಅಂದರೆ ಒಂದು ಉಸಿರು ಬಿಟ್ಟುಕೊಡಬೇಕು. ನಾನು ನಗಲಿಲ್ಲ. ಗೆಳೆಯ ಬೋರ್ಡಿಗೆ ಒರಗಿ ಹತ್ತು ನಿಮಿಷ ಸುಮ್ನೆ ಕೂತಿದ್ದ. ಅವನು ಅಷ್ಟು ಹೊತ್ತು ಮಾತಿಲ್ಲದೆ ಇದ್ದಿದ್ದು ನಾನು ನೋಡಿದ್ದು ಅದೇ ಮೊದಲು.

“ಇದು ಬಾರ್ಲಾ ಅಂತಿಲ್ಲ ಕಣೋ,” ಅಂದ ಕೊನೆಗೆ. “ಯಾಕ್ಲಾ ಬಂದೆ ಅಂತೈತೆ.”

ಉತ್ತರ ಕೊಡಲು ಉಸಿರು ಬೇಕಲ್ಲ. ಕೆಳಗಿನ ರುಮ್ತ್ಸೆ ಹಳ್ಳಿಗೆ ಇಳಿದ ಮೇಲೆ ಹೇಳ್ತೀನಿ ಅಂತ ಕೈಸನ್ನೆ ಮಾಡಿದೆ.