ಹಾಗಾದ್ರೆ ಫೋಟೋ ತೆಗೆದವರು ಯಾರು?

ಪ್ರತಿ ವರ್ಷ ಜುಲೈ 20 ಬಂದರೆ ಸಾಕು, ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ ಅಂತ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೊಮ್ಮೆ ಸಾಬೀತಾಗುತ್ತದೆ. ಸಾಬೀತು ಮಾಡುವವರು ನಮ್ಮ ಸೋದರಮಾವ. ಬೆಳಗಿನ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅವರು ಈ ಕೆಲಸ ಮುಗಿಸಿರುತ್ತಾರೆ.

ಈ ಸಲವೂ ಅದೇ ಫೋಟೋ. ಬಿಳಿ ಬಟ್ಟೆ, ಬಂಗಾರದ ಬಣ್ಣದ ಮುಖಗಾಜು, ಮೇಲೊಂದು ಕೆಂಪು ಬಾಣ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಚಂದ್ರನ ಮೇಲೆ ಮೊದಲು ಇಳಿದದ್ದು ಆರ್ಮ್‌ಸ್ಟ್ರಾಂಗ್ ಆದರೆ ಅವನ ಫೋಟೋ ತೆಗೆದವರು ಯಾರು???’

ಪ್ರಶ್ನೆ ಚೆನ್ನಾಗಿದೆ. ಉತ್ತರ, ಆರ್ಮ್‌ಸ್ಟ್ರಾಂಗೇ. ಯಾಕಂದ್ರೆ ಫೋಟೋದಲ್ಲಿ ಇರುವುದು ಅವನ ಜೊತೆಗೇ ಚಂದ್ರನ ಮೇಲೆ ಇಳಿದ ಆಲ್ಡ್ರಿನ್.

ಐವತ್ತು ವರ್ಷ ದಾಟಿದರೂ ಆಲ್ಡ್ರಿನ್ ಆ ಫೋಟೋದಲ್ಲಿ ಆರ್ಮ್‌ಸ್ಟ್ರಾಂಗ್ ಆಗಿಯೇ ನಿಂತಿದ್ದಾನೆ, ಪಾಪ. ಆರ್ಮ್‌ಸ್ಟ್ರಾಂಗ್ ಪಾಡು ಇನ್ನೂ ಕಷ್ಟ. 1969ರಲ್ಲಿ ಅಪೊಲೊ 11ರ ಇಬ್ಬರೂ ಕೆಳಗಿಳಿದು ಓಡಾಡುವಾಗ ಅವರ ಬಳಿ ಇದ್ದದ್ದು ಒಂದೇ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ. ಅದು ಹೆಚ್ಚು ಹೊತ್ತು ಆರ್ಮ್‌ಸ್ಟ್ರಾಂಗ್ ಎದೆಯ ಮೇಲೇ ಇತ್ತು. ಹಾಗಾಗಿ ಚಂದ್ರನನ್ನು ಮೊದಲು ತುಳಿದವನ ಒಂದು ಒಳ್ಳೆಯ ಫೋಟೋ ಚಂದ್ರನ ಮೇಲೆ ಇಲ್ಲ! ಒಂದರಲ್ಲಿ ನೌಕೆಯ ನೆರಳಲ್ಲಿ ಬೆನ್ನು ತಿರುಗಿಸಿಕೊಂಡು ಏನೋ ಕೆಲಸ ಮಾಡುತ್ತಿದ್ದಾನೆ. ಇನ್ನೊಂದರಲ್ಲಿ ಆಲ್ಡ್ರಿನ್ ಮುಖಗಾಜಿನಲ್ಲಿ ಇರುವೆಯಷ್ಟು ಕಾಣುತ್ತಾನೆ. ಕೋಟಿಗಟ್ಟಲೆ ಡಾಲರ್ ಸುರಿದು ಮಾಡಿದ ಮದುವೆಯಲ್ಲಿ ಮದುಮಗನ ಕೈಗೇ ಕ್ಯಾಮೆರಾ ಕೊಟ್ಟರೆ ಇನ್ನೇನಾಗುತ್ತದೆ?

ಅದೂ ಎಂಥಾ ಕ್ಯಾಮೆರಾ! ಕಣ್ಣಿಟ್ಟು ನೋಡಲು ಕಿಂಡಿಯೇ ಇಲ್ಲ. ಆ ಹೆಲ್ಮೆಟ್ ಹಾಕಿಕೊಂಡು ಕಣ್ಣಿಗೆ ಒತ್ತಿ ಹಿಡಿಯುವುದಾದರೂ ಹೇಗೆ? ಎದೆಯ ಮೇಲಿನ ಕೊಂಡಿಗೆ ಸಿಕ್ಕಿಸಿ, ಮೈಯನ್ನೇ ಅತ್ತ ತಿರುಗಿಸಿ, ಅಂದಾಜಿನ ಮೇಲೆ ಗುಂಡಿ ಒತ್ತಬೇಕು. ಮಾವ ಬಾಣ ಹಾಕಿದ ಫೋಟೋ ಬಂದದ್ದೂ ಹೀಗೇ. ಆಲ್ಡ್ರಿನ್ ತಲೆಯ ಮೇಲಿನ ಆಂಟೆನಾ ಕಟ್ ಆಗಿದೆ. ನಾಸಾದವರು ಆಮೇಲೆ ಮೇಲ್ಗಡೆ ಒಂದಿಷ್ಟು ಕಪ್ಪು ಆಕಾಶ ಅಂಟಿಸಿ ಹಂಚಿದರು. ಮಾವನಿಗೆ ಇದು ಗೊತ್ತಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಮೊದಲ ಹೆಜ್ಜೆಯ ದೃಶ್ಯ ತೆಗೆದವರು ಯಾರು ಅಂತಲೂ ಕೇಳುತ್ತಾರೆ. ಅದು ನೌಕೆಯ ಪಕ್ಕಕ್ಕೆ ಕಟ್ಟಿದ್ದ ಟಿವಿ ಕ್ಯಾಮೆರಾ. ಏಣಿಯ ಬುಡಕ್ಕೆ ಯಾರೂ ಮೊದಲೇ ಹೋಗಿ ನಿಂತಿರಲಿಲ್ಲ.

ಇನ್ನು ಈ ಪ್ರಶ್ನೆಯ ಹಕ್ಕುಸ್ವಾಮ್ಯ. ಅದು ಮಾವನದ್ದಲ್ಲ, ಮಾವನಿಗೆ ಕಳಿಸಿದವರದ್ದೂ ಅಲ್ಲ. ಇದನ್ನು ಮೊದಲು ಯೋಚಿಸಿದ್ದು ಚಂದ್ರನಿಗೆ ಹೋದವರೇ. ಅದೇ ವರ್ಷ ನವೆಂಬರ್‌ನಲ್ಲಿ ಅಪೊಲೊ 12ರಲ್ಲಿ ಹೋದ ಕಾನ್ರಾಡ್ ಮತ್ತು ಬೀನ್, ಹೂಸ್ಟನ್‌ನ ನಿಯಂತ್ರಣ ಕೇಂದ್ರದವರಿಗೆ ಗೊತ್ತಾಗದ ಹಾಗೆ ಕ್ಯಾಮೆರಾಕ್ಕೆ ಹಾಕುವ ಒಂದು ಟೈಮರ್ ಒಯ್ದಿದ್ದರು. ಇಬ್ಬರೂ ಜೊತೆಗೆ ನಿಂತು ಒಂದು ಫೋಟೋ. ಚಂದ್ರನ ಮೇಲೆ ಇಳಿದದ್ದು ಇಬ್ಬರೇ, ಫೋಟೋದಲ್ಲೂ ಇಬ್ಬರು. ಹಾಗಾದ್ರೆ ತೆಗೆದದ್ದು ಯಾರು? ಲೋಕ ತಲೆ ಕೆಡಿಸಿಕೊಳ್ಳಲಿ ಅಂತ ತಮಾಷೆ. ಆದರೆ ಬೇಕಾದ ಹೊತ್ತಿಗೆ ಟೈಮರ್ ಚೀಲದಲ್ಲಿ ಕೈಗೆ ಸಿಗಲಿಲ್ಲ. ಬರೀ ಕಲ್ಲು, ಧೂಳು. ಕೆಲಸವೆಲ್ಲ ಮುಗಿದ ಮೇಲೆ ಸಿಕ್ಕಿತು. ಬೀನ್ ಸಿಟ್ಟಿಗೆ ಅದನ್ನು ಬೀಸಿ ಎಸೆದ. ಈಗಲೂ ಅಲ್ಲೇ ಎಲ್ಲೋ ಬಿದ್ದಿರಬೇಕು. ಆ ಒಂದು ಫೋಟೋ ಬಂದಿದ್ದರೆ ನಮ್ಮ ಮಾವನಿಗೆ ಜೀವಮಾನಕ್ಕಾಗುವಷ್ಟು ಉದ್ಯೋಗವಾಗುತ್ತಿತ್ತು.

ಇದೇ ಬೀನ್ ಟಿವಿ ಕ್ಯಾಮೆರಾವನ್ನು ಅಪ್ಪಿತಪ್ಪಿ ಸೂರ್ಯನ ಕಡೆ ತಿರುಗಿಸಿ ಸುಟ್ಟುಬಿಟ್ಟ. ನೇರ ಪ್ರಸಾರ ಖಲಾಸ್. ಅಮೆರಿಕದ ಒಂದು ಟಿವಿ ಚಾನೆಲ್ ಏನು ಮಾಡಿತು ಗೊತ್ತಾ? ಸೂತ್ರದ ಗೊಂಬೆಗಳನ್ನು ತಂದು ಚಂದ್ರನ ಮೇಲಿನ ಓಡಾಟ ಆಡಿಸಿ ತೋರಿಸಿತು. ಅಂದರೆ ಚಂದ್ರಯಾನ ಸ್ಟುಡಿಯೋದಲ್ಲಿ ನಡೆದದ್ದು ನಿಜ. ಗೊಂಬೆಯಾಟ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು, ಅಷ್ಟೆ.

ನಾಸಾವನ್ನೂ ಹೊಗಳಬೇಕು. ಅಪೊಲೊ 11ರ ಮೂಲ ಟೇಪುಗಳು ಎಲ್ಲಿ ಅಂತ ವರ್ಷಗಟ್ಟಲೆ ಹುಡುಕಿ 2009ರಲ್ಲಿ ಹೇಳಿದರು: ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಿದ್ದೇವೆ. ಅಕ್ಕನ ಮದುವೆ ಕ್ಯಾಸೆಟ್ ಮೇಲೆ ಕ್ರಿಕೆಟ್ ಮ್ಯಾಚ್ ತುಂಬಿಸಿದ ಹಾಗೆ. ಮಾವನಂಥವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ? ಪ್ರಸಾರದ ಪ್ರತಿಗಳು ಉಳಿದಿವೆ ಅನ್ನುವುದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

2023ರ ಆಗಸ್ಟ್‌ನಲ್ಲಿ ಪ್ರಗ್ಯಾನ್ ರೋವರ್ ನಮ್ಮ ವಿಕ್ರಮ್ ಲ್ಯಾಂಡರ್‌ನ ಫೋಟೋ ತೆಗೆದು ಕಳಿಸಿತಲ್ಲ, ಮಾವ ಅದನ್ನು ಗ್ರೂಪಿಗೆ ಮೂರು ಸಲ ಹಾಕಿದ್ದರು, ಧ್ವಜದ ಸಮೇತ. ಫೋಟೋ ತೆಗೆದವರು ಯಾರು ಅಂತ ಆ ದಿನ ಕೇಳಲಿಲ್ಲ.

ನಗುತ್ತಾ ಬರೆಯೋಣ ಅಂತಲೇ ಕೂತದ್ದು. ಆದರೆ ಸುಸ್ತಾಗುತ್ತದೆ ಸ್ವಾಮಿ. 1967ರ ಜನವರಿಯಲ್ಲಿ ಅಪೊಲೊದ ಮೂವರು ಗಗನಯಾತ್ರಿಗಳು ನೆಲದ ಮೇಲೇ, ಪರೀಕ್ಷೆ ನಡೆಯುವಾಗ, ಬಾಗಿಲು ತೆಗೆಯಲಾಗದೆ ಕ್ಯಾಪ್ಸೂಲಿನೊಳಗಿನ ಬೆಂಕಿಯಲ್ಲಿ ಸತ್ತರು. ಗ್ರಿಸಮ್, ವೈಟ್, ಚಾಫಿ. ಅವರದ್ದೂ ನಾಟಕವೇ? ಆರು ಸಲ ಇಳಿದು 382 ಕಿಲೋ ಕಲ್ಲು ಮಣ್ಣು ಹೊತ್ತು ತಂದರು. ಅವನ್ನು ಒಡೆದು, ಅರೆದು ನೋಡುತ್ತಾ ಇಡೀ ಆಯುಸ್ಸು ಕಳೆದವರಿದ್ದಾರೆ. ಅವರಿಗೆ ನಾವು ಕೊಡುವುದು ಮೂರು ಪ್ರಶ್ನಾರ್ಥಕ ಚಿಹ್ನೆ. 2002ರಲ್ಲಿ ಮಾವನ ಥರವೇ ನಂಬದ ಒಬ್ಬ, ಕ್ಯಾಮೆರಾದವರನ್ನು ಕರೆದುಕೊಂಡು ಹೋಗಿ ಆಲ್ಡ್ರಿನ್ ಮುಖಕ್ಕೇ ಹೇಡಿ, ಸುಳ್ಳುಗಾರ ಅಂದ. 72 ವರ್ಷದ ಮುದುಕ ಅವನ ದವಡೆಗೆ ಒಂದು ಬಿಟ್ಟ. ಹೊಡೆಯುವುದು ತಪ್ಪು, ಗೊತ್ತು. ಆ ವಿಡಿಯೋ ನನ್ನ ಫೋನಿನಲ್ಲಿ ಇದೆ.

ಸಂಜೆ ಮಾವ ಇನ್ನೊಂದು ಎಸೆದರು: ‘ಆಕಾಶದಲ್ಲಿ ನಕ್ಷತ್ರ ಎಲ್ಲಿ?’ ಅವರು ಇಳಿದದ್ದು ಅಲ್ಲಿನ ಹಗಲಲ್ಲಿ, ಬಿಸಿಲಿಗೆ ಹೊಳೆಯುವ ನೆಲಕ್ಕೆ ಹೊಂದಿಸಿದ ಕ್ಯಾಮೆರಾಕ್ಕೆ ಸೆಕೆಂಡಿನ 250ನೇ ಒಂದು ಭಾಗದಲ್ಲಿ ನಕ್ಷತ್ರ ಬೀಳುವುದಿಲ್ಲ ಅಂತ ಬರೆದೆ. ನಕ್ಷತ್ರಕ್ಕೆಂದೇ 1972ರಲ್ಲಿ ಅಪೊಲೊ 16ರವರು ಬೇರೆ ಕ್ಯಾಮೆರಾ ಒಯ್ದು ನೌಕೆಯ ನೆರಳಲ್ಲಿಟ್ಟು ತೆಗೆದಿದ್ದಾರೆ ಅಂತಲೂ ಬರೆದೆ. ಮಾವ ಓದಲಿಲ್ಲ. ಕೊನೆಗೆ ಅವರದೇ ಮನೆಯ ಗೃಹಪ್ರವೇಶದ ಫೋಟೋ ಹುಡುಕಿ ಹಾಕಿದೆ. ರಾತ್ರಿ, ಸೀರಿಯಲ್ ಸೆಟ್ಟು ಝಗಝಗ, ಜರಿಪಂಚೆಯಲ್ಲಿ ಮಾವ, ಹಿಂದೆ ಕಪ್ಪು ಆಕಾಶ. ಒಂದೇ ಒಂದು ನಕ್ಷತ್ರ ಇಲ್ಲ.

‘ಮಾವ, ಹಾಗಾದ್ರೆ ನಿಮ್ಮ ಗೃಹಪ್ರವೇಶವೂ ಆಗಿಲ್ಲ ಅಲ್ವಾ?’

ಗ್ರೂಪು ಐದು ನಿಮಿಷ ಸುಮ್ಮನಾಯಿತು. ಆಮೇಲೆ ಮಾವನ ಉತ್ತರ ಬಂತು.

‘ಇದರಲ್ಲಿ ನೀನು ಎಲ್ಲಿದ್ದೀಯ?’

‘ನಾನೇ ಅಲ್ವಾ ಮಾವ ಫೋಟೋ ತೆಗೆದದ್ದು.’

‘ಎಲ್ಲಾ ಫೋಟೋ ನೋಡಿದೆ. ಒಂದರಲ್ಲೂ ನೀನಿಲ್ಲ. ನೀನು ಬಂದೇ ಇರಲಿಲ್ಲ ಬಿಡು.’

‘ಮಾವ, ಮಿಕ್ಸಿ ಕೊಟ್ಟಿದ್ದೆ!’

‘ಯಾವ ಮಿಕ್ಸಿ?’